ಏಳು ತಲೆಗೆ ಹದಿಮೂರರ ಫ್ಯಾನು

ಯತ್ತಪ್ಪನಿಗೆ ಈಜು ಬರುತ್ತದೆ, ಆದರೆ ನೀರು ಕಂಡರೆ ಆಗದು. ಮಾರಿಕಣಿವೆ ಡ್ಯಾಮಿನಲ್ಲಿ ಮೋಟರ್ ಬೋಟು ಓಡಿಸಿ ಹೊಟ್ಟೆ ಹೊರೆಯುವ ಮನುಷ್ಯ ಹೀಗಂದರೆ ಕೇಳಿದವರು ನಗುತ್ತಾರೆ. ನಗಲಿ. ಅವನ ಐವತ್ತನಾಲ್ಕು ವರ್ಷದಲ್ಲಿ ಮೂವತ್ತು ವರ್ಷ ಆ ನೀರಿನ ತಳದಲ್ಲಿ ಬಿದ್ದಿದೆ.

ಡ್ಯಾಮು ತುಂಬದೆ ಹಿನ್ನೀರು ವರ್ಷದಿಂದ ವರ್ಷಕ್ಕೆ ಹಿಂದೆ ಸರಿಯುತ್ತಿದ್ದ ಕಾಲ ಅದು. ನೀರು ಬಿಟ್ಟುಕೊಟ್ಟ ನೆಲದಲ್ಲಿ ಹುಲ್ಲು ಬಂತು, ಜಾಲಿ ಬಂತು, ಹಿಂದೆಯೇ ಹಟ್ಟಿಯ ಕುರಿಗಳು ಬಂದವು. ಯತ್ತಪ್ಪನ ಅಪ್ಪ ಅಲ್ಲೇ ಕಲ್ಲು ಪೇರಿಸಿ ಕುರಿ ರೊಪ್ಪ ಕಟ್ಟಿದ. ಎದೆಮಟ್ಟದ ಗೋಡೆ, ಒಳಗೆ ಹೋಗಲು ಒಂದೇ ಬಾಯಿ. ಹೊತ್ತು ಮುಳುಗುವಾಗ ಆ ಬಾಯಿಗೆ ಕೋಲು ಅಡ್ಡ ಹಿಡಿದು, ಒಂದೊಂದೇ ಕುರಿಯನ್ನು ಕೋಲಿನ ಕೆಳಗೆ ನುಗ್ಗಿಸಿ ತಲೆ ಎಣಿಸುವುದು ಯತ್ತಪ್ಪನ ಕೆಲಸ. ಇನ್ನೂರು ತಲೆಯಲ್ಲಿ ಒಂದು ಕಡಿಮೆಯಾದರೂ ಅವನಿಗೆ ತಿಳಿಯುತ್ತಿತ್ತು.

ಆಮೇಲೆ ಡ್ಯಾಮು ತುಂಬಿತು. ಅಜ್ಜನ ಕಾಲದಲ್ಲಿ ಒಮ್ಮೆ ಬಿದ್ದಿದ್ದ ಕೋಡಿ ಮತ್ತೆ ಬಿತ್ತು. ಊರೂರಿನವರು ಟ್ರಾಕ್ಟರು ಮಾಡಿಕೊಂಡು ಬಂದು ಬಾಗಿನ ಬಿಟ್ಟು ಫೋಟೊ ತೆಗೆಸಿಕೊಂಡರು. ರೊಪ್ಪ ಮುಳುಗಿತು, ಹುಲ್ಲು ಮುಳುಗಿತು. ಕೇಳೋಣವೆಂದರೆ ಬಾಯಿಲ್ಲ, ಡ್ಯಾಮಿನಂಗಳ ಸರ್ಕಾರದ್ದು. ಅಲ್ಲದೆ, ಡ್ಯಾಮಿಗೆ ನೀರು ಬರಬೇಕೆಂದು ಹಿರಿಯೂರಿನ ಹೆದ್ದಾರಿಯಲ್ಲಿ ಕೂತು ಲಾಠಿ ತಿಂದವರಲ್ಲಿ ಯತ್ತಪ್ಪನೂ ಒಬ್ಬ. ಬೆನ್ನಿನ ಮೇಲೆ ಆ ಬರೆ ಇನ್ನೂ ಇದೆ. ತಾನೇ ಕೂಗಿ ಕರೆದ ನೀರು ತನ್ನ ರೊಪ್ಪದ ಮೇಲೇ ಬಂದು ಕೂತಿತು. ಯಾರನ್ನು ಬೈಯಬೇಕು?

ಮೇವಿಲ್ಲದೆ ಕುರಿ ಮಾರಿದ. ಬೋಟಿಂಗ್ ಗುತ್ತಿಗೆ ಹಿಡಿದಿದ್ದ ಗಿರೀಶ್ ಅವನನ್ನು ಕರೆದು ಕೆಲಸ ಕೊಟ್ಟದ್ದು ಆಗಲೇ. ದಯೆಯಿಂದಲ್ಲ. ನೀರೊಳಗೆ ಎಲ್ಲಿ ಜಾಲಿ ಬೊಡ್ಡೆ ಇದೆ, ಎಲ್ಲಿ ಬಂಡೆ ಇದೆ, ಎಲ್ಲಿ ಹಳೇ ಗಾಡಿದಾರಿ ಇದೆ ಎಂದು ಯತ್ತಪ್ಪನಷ್ಟು ಬಲ್ಲವರು ಇರಲಿಲ್ಲ. ಸರ್ಟಿಫಿಕೇಟು ಇಲ್ಲದ ಅವನಿಗೆ ಸ್ಟೀರಿಂಗು ಕೊಟ್ಟ ದಿನವೇ ಗಿರೀಶ್ ಹೇಳಿಬಿಟ್ಟಿದ್ದ: "ಒಂದು ತಪ್ಪಾಗ್ಲಿ ಯತ್ತಪ್ಪ, ಮರುದಿನವೇ ಕಡಲ ಕಡೆಯವರನ್ನ ಕರಸ್ತೀನಿ. ಅವರ ಹತ್ರ ಸೀಲು ಹೊಡ್ದಿರೋ ಕಾಗದ ಐತೆ."

ಮೊದಲನೇ ತಪ್ಪು ಆಗಿಯೇ ಹೋಯಿತು, ಆ ಒಂದನ್ನು ಗಿರೀಶ್ ಬೈದು ಬಿಟ್ಟ. ನೀರು ಎರಡಡಿ ಇಳಿದಿದ್ದ ಒಂದು ದಿನ ಬೋಟಿನ ಫ್ಯಾನು ಜಾಲಿ ಬೊಡ್ಡೆಗೆ ಬಡಿಯಿತು. ಎಂಜಿನ್ನಿನ ಕಾಲಿಗೆ ಕೂತು ನೀರೊಳಗೆ ತಿರುಗುವ ಮೂರು ರೆಕ್ಕೆಯ ಪ್ರೊಪೆಲ್ಲರನ್ನು ಡ್ಯಾಮಿನಲ್ಲಿ ಎಲ್ಲರೂ ಫ್ಯಾನು ಎಂದೇ ಕರೆಯುತ್ತಾರೆ. ಒಂದು ರೆಕ್ಕೆ ಕಿವಿ ಮಡಿಸಿದ ಹಾಗೆ ಮಡಿಸಿಕೊಂಡಿತ್ತು. ಅದನ್ನು ಗೋಣಿಚೀಲದಲ್ಲಿ ಸುತ್ತಿಕೊಂಡು ಯತ್ತಪ್ಪ ಹಿರಿಯೂರಿನ ನೇತ್ರಾವತಿಯ ಅಂಗಡಿಗೆ ಹೋದ.

ನೇತ್ರಾವತಿ ಜವನಗೊಂಡನಹಳ್ಳಿಯವಳು. ಬೋರ್‌ವೆಲ್ ಮೋಟರು ಬಿಚ್ಚಿ ಕಾಯಿಲ್ ಸುತ್ತುವ ಅಂಗಡಿ ಅವಳದ್ದು. ಡ್ಯಾಮು ತುಂಬಿದ ಮೇಲೆ ಬೋಟಿನ ಎಂಜಿನ್ನುಗಳೂ ಅವಳ ಬೆಂಚಿಗೇ ಬರುತ್ತಿದ್ದವು.

"ಎಲ್ಲಿಗೆ ಹೊಡ್ಕಂತು ಯತ್ತಪ್ಪಣ್ಣ?"

"ಬೊಡ್ಡೆಗೆ ಕಣವ್ವ. ನೀರು ಇಳಿದಿತ್ತು, ಬೊಡ್ಡೆ ಮೇಲಕ್ಕೆ ಬಂದಿತ್ತು."

"ಬೊಡ್ಡೆಗೆ ಕಾಲು ಬಂದಿತ್ತಾ, ನಿಂಗೆ ನಿದ್ದೆ ಬಂದಿತ್ತಾ?"

ಅವಳು ರೆಕ್ಕೆಯನ್ನು ಮರದ ಸುತ್ತಿಗೆಯಲ್ಲಿ ಬಡಿದು ಬಡಿದು ಒಂದು ಹದಕ್ಕೆ ತಂದಳು. ಆದರೂ ತಿರುಗಿಸಿದರೆ ಸೊಟ್ಟ ಕಾಣುತ್ತಿತ್ತು. "ಇದು ಸೀಟಿನ ಕೆಳಗೆ ಇರ್ಲಿ, ಕಷ್ಟಕಾಲಕ್ಕೆ ಆಗ್ತದೆ. ಓಡ್ಸಾಕೆ ಹೊಸದು ಬೇಕು" ಎಂದಳು.

ಹೊಸದನ್ನು ಗಿರೀಶ್ ಆಗಲೇ ತರಿಸಿದ್ದ. ಮರುದಿನ ಅದನ್ನು ಹೊಳೆಯುವ ಹಾಗೆ ಒರೆಸಿ ಡ್ಯಾಮಿನ ದಡದಲ್ಲಿ ಅವಳ ಕೈಗೆ ಕೊಟ್ಟ. ಅವಳು ಅದರ ಕುತ್ತಿಗೆಯ ಮೇಲಿನ ಅಂಕಿ ನೋಡಿದಳು.

"ಹಳೇದು ಹತ್ತರದು. ಇದು ಹದಿಮೂರರದು ತಂದಿದೀರಲ್ಲ ಗಿರೀಶಣ್ಣ."

"ದೊಡ್ಡದೇ ಆಯ್ತಲ್ಲ, ಒಳ್ಳೇದೇ."

"ದೊಡ್ಡದಲ್ಲ. ಒಂದು ಸುತ್ತು ಸುತ್ತಿದ್ರೆ ಹತ್ತು ಇಂಚು ಮುಂದೆ ಹೋಗ್ಬೇಕು ಅಂತ ಹಳೇದರ ಲೆಕ್ಕ. ಇದು ಹದಿಮೂರು ಇಂಚು ಎಳೀತೀನಿ ಅಂತೈತೆ. ಟ್ರಾಕ್ಟರು ಗೇರು ಇದ್ದಂಗೆ. ಖಾಲಿ ಟ್ರೈಲಿ ಮೇಲಿನ ಗೇರಲ್ಲಿ ಹಾರ್ಕಂಡು ಹೋಗ್ತೈತೆ. ಲೋಡು ಹಾಕಿ ಅದೇ ಗೇರಲ್ಲಿ ಏರು ಹತ್ತಿಸ್ರಿ ನೋಡಾಣ."

"ಜನ ಬರೋದೇ ಸ್ಪೀಡಿಗೆ ಕಣಮ್ಮ. ಮೊಬೈಲು ಹಿಡ್ಕಂಡು ನೀರು ಹಾರ್ಸಣ್ಣ, ನೀರು ಹಾರ್ಸಣ್ಣ ಅಂತಾರೆ. ಎಮ್ಮೆ ಮೇಲೆ ಕುಂತಂಗೆ ಹೋಗಾಕೆ ಇಲ್ಲಿಗ್ಯಾಕೆ ಬರ್ತಾರೆ?"

"ಹನ್ನೊಂದರದು ಹಾಕ್ಸಿ. ಭಾರನೂ ಎಳೀತೈತೆ, ಓಟನೂ ಐತೆ."

"ಅದು ಬರಾಕೆ ಹದಿನೈದು ದಿನ. ಭಾನುವಾರಕ್ಕೆ ಬೋಟು ನೀರಲ್ಲಿರ್ಬೇಕು."

ನೇತ್ರಾವತಿ ಗಿರೀಶನನ್ನು ಬಿಟ್ಟು ಯತ್ತಪ್ಪನ ಕಡೆ ತಿರುಗಿದಳು. "ನೀನು ಹೇಳಪ್ಪ. ತುಂಬಿದ್ ದಿನ ಎಷ್ಟು ಜನ ಹತ್ತಿಸ್ತೀಯ?"

"ಏಳು ತಲೆ."

"ಸರಿಯಾಗಿ ಹೇಳು. ನಿನ್ನ ಮಾತಿನ ಮೇಲೆ ನಾನು ಫ್ಯಾನು ಹಾಕ್ತಿರೋದು."

"ಏಳು ತಲೆ ಕಣವ್ವ. ಎಂಟನೇ ತಲೆ ನಾನು ಇವತ್ತಿನವರೆಗೂ ಹತ್ತಿಸಿಲ್ಲ." ಇದು ಅವನ ಮಟ್ಟಿಗೆ ಸತ್ಯವೇ ಆಗಿತ್ತು.

ಟೀ ಅಂಗಡಿಯವರನ್ನೂ ಮೀನಿನವರನ್ನೂ ಕರೆದು ಆರು ಜನ ದೊಡ್ಡವರನ್ನು ಬೋಟಿನಲ್ಲಿ ಕೂರಿಸಿದರು. ಏಳನೆಯವಳಾಗಿ ನೇತ್ರಾವತಿ ಸುತ್ತಿನ ಮೀಟರಿನ ಪಕ್ಕ ಕೂತಳು. ಪೂರ್ತಿ ರೈಸು ಕೊಟ್ಟಾಗ ಈ ಎಂಜಿನ್ನು ನಿಮಿಷಕ್ಕೆ ಐದರಿಂದ ಆರು ಸಾವಿರ ಸುತ್ತಿನ ನಡುವೆ ಇರಬೇಕು. ಕಡಿಮೆಯಾದರೆ ಉಸಿರುಗಟ್ಟಿ ಬೇಯುತ್ತದೆ, ಹೆಚ್ಚಾದರೆ ಸವೆಯುತ್ತದೆ. ಯತ್ತಪ್ಪ ರೈಸು ಕೊಟ್ಟ. ಮೂತಿ ಎತ್ತಿ, ಒಂದು ಗಳಿಗೆ ತಡೆದು, ಆಮೇಲೆ ಬೋಟು ನೀರಿನ ಮೇಲೆ ಮಲಗಿ ಓಡಿತು. ಮುಳ್ಳು ಐದು ಸಾವಿರದ ನೂರಕ್ಕೆ ನಿಂತಿತು.

"ಅಂಚಲ್ಲೈತೆ" ಎಂದಳು. "ಏಳು ಅಂದ್ರೆ ಏಳು ಯತ್ತಪ್ಪಣ್ಣ. ಮೇಲೊಂದು ಹತ್ತಿದ್ರೆ ಉಸಿರು ಕಟ್ಟುತ್ತೆ. ಇದರ ನಡುವೆ ಒಂದು ರಬ್ಬರು ಬುಷ್ಷು ಐತೆ, ಅದು ಜಾರಿದ್ರೆ ಎಂಜಿನ್ನು ಕೂಗ್ತಿರ್ತದೆ, ರೆಕ್ಕೆ ಸುಮ್ಕಿರ್ತದೆ."

"ಎಣಿಸೋದು ನಂಗೆ ಹೇಳ್ಕೊಡ್ತೀಯೇನವ್ವ" ಎಂದು ಯತ್ತಪ್ಪ ನಕ್ಕ.

ಭಾನುವಾರ ಮಧ್ಯಾಹ್ನ ಹಾಲುರಾಮೇಶ್ವರದಿಂದ ಒಂದು ಟೆಂಪೊ ಬಂತು. ಹೊಳಲ್ಕೆರೆಯ ಜಂಬಣ್ಣ, ಅಡಿಕೆ ವ್ಯಾಪಾರದ ದೊಡ್ಡ ಶರೀರದ ಮನುಷ್ಯ, ದೇವರಿಗೆ ಕೈಮುಗಿದು ಬಳಗವನ್ನೆಲ್ಲ ಡ್ಯಾಮು ತೋರಿಸಲು ಕರೆತಂದಿದ್ದ. ನಡುವೆ ಮಳೆ ಬಿದ್ದು, ನೀರು ಮತ್ತೆ ಏರಿ ಕೋಡಿಯ ಮೇಲೆ ಗೇಣುದ್ದ ಹರಿಯುತ್ತಿತ್ತು. ಯತ್ತಪ್ಪ ದಡದ ಹಲಗೆಯ ಪಕ್ಕ ನಿಂತು ಒಬ್ಬೊಬ್ಬರನ್ನೇ ಹತ್ತಿಸಿದ. ಜಂಬಣ್ಣ ಒಂದು. ಅವನ ಹೆಂಡತಿ ಎರಡು. ತಮ್ಮಂದಿರು ಇಬ್ಬರು, ಅವರ ಹೆಂಡಿರು ಇಬ್ಬರು, ತಂಗಿ ಕಾವ್ಯಶ್ರೀ. ಏಳು. ಜಾಕೆಟ್ಟು ಏಳು, ತಲೆ ಏಳು. ಸೊಂಟದ ಮೇಲಿದ್ದ ಎರಡು ಕೂಸು, ಸೆರಗು ಹಿಡಿದಿದ್ದ ಮೂರು ಮಕ್ಕಳು, ಚಿತ್ರಾನ್ನದ ದೊಡ್ಡ ಡಬರಿ ಇವೆಲ್ಲ ತಾಯಂದಿರ ಜೊತೆಗೇ ಒಳಗೆ ಹೋದವು. ಯತ್ತಪ್ಪನ ಬಾಯಲ್ಲಿ ಏಳು ಮುಗಿದಿತ್ತು. ಹಗ್ಗ ಬಿಚ್ಚಿದ.

ಹೋಗುವಾಗ ಗಾಳಿ ಹಿಂದಿನಿಂದ ತಳ್ಳುತ್ತಿತ್ತು. ಬೋಟು ಭಾರವಾಗಿದೆ ಅನ್ನಿಸಿದರೂ ಜಂಬಣ್ಣನ ಹೊಟ್ಟೆ ನೋಡಿ ಯತ್ತಪ್ಪ ಸುಮ್ಮನಾದ. ನಡುಗಡ್ಡೆ ಸುತ್ತಿ ತಿರುಗಿದ ಮೇಲೆ ಗಾಳಿ ಎದುರಾಯಿತು. ಕಣಿವೆಯ ಗಾಳಿ ಅದು, ಬಂದರೆ ಒಮ್ಮೆಲೇ ಬರುತ್ತದೆ. ಗುಡ್ಡದ ಮೇಲಿನ ಕರೆಂಟಿನ ಗಾಳಿಕಂಬಗಳ ರೆಕ್ಕೆಗಳು ಗಿರಗಿರನೆ ತಿರುಗತೊಡಗಿದವು.

ಯತ್ತಪ್ಪ ರೈಸು ಕೊಟ್ಟ. ಬೋಟು ಮೂತಿ ಎತ್ತಿತು, ಆದರೆ ಮಲಗಲಿಲ್ಲ. ಹಿಂದಿನ ಭಾಗ ನೀರಿಗೆ ಕೂತು, ಅಲೆ ಅಂಚಿನ ಮೇಲೆ ಬಂದು ಹೆಂಗಸರ ಕಾಲಿಗೆ ಸಿಡಿಯಿತು. ಮೀಟರು ಮೂರು ಸಾವಿರದ ಎಂಟುನೂರು. ಎಂಜಿನ್ನು ಕೆಸರಲ್ಲಿ ಸಿಕ್ಕ ಎತ್ತಿನ ಹಾಗೆ ಮುಲುಕುತ್ತಿತ್ತು. ಆಗ ರೈಸು ಇಳಿಸಿ ನಿಧಾನಕ್ಕೆ ಬಂದಿದ್ದರೆ ಕತೆ ಬೇರೆಯಾಗುತ್ತಿತ್ತು. ಏಳೇ ತಲೆ ಎಂಬ ನಂಬಿಕೆಯಲ್ಲಿ ಅವನು ಇನ್ನೂ ಒತ್ತಿದ.

ಎಂಜಿನ್ನು ಒಮ್ಮೆಲೇ ಕಿರುಚಿತು. ಮೀಟರಿನ ಮುಳ್ಳು ಆರು ಸಾವಿರ ದಾಟಿತು. ಬೋಟು ಮಾತ್ರ ನಿಂತುಬಿಟ್ಟಿತು.

"ಏನಪ್ಪ, ಏನಾಯ್ತು?" ಜಂಬಣ್ಣ ಕೇಳಿದ.

ಯತ್ತಪ್ಪನಿಗೆ ತಿಳಿದಿತ್ತು. ರಬ್ಬರು ಜಾರಿತ್ತು. ಎಂಜಿನ್ನು ಆರಿಸಿದ. ಸದ್ದು ನಿಂತ ಮೇಲೆ ಇನ್ನೊಂದು ಸದ್ದು ಕೇಳಿಸಿತು. ಕೋಡಿ ಬೀಳುವ ಸದ್ದು. ಗಾಳಿ ಬೋಟನ್ನು ಅಡ್ಡ ತಿರುಗಿಸಿ ಆ ಕಡೆಗೇ ತಳ್ಳುತ್ತಿತ್ತು. ಅಲ್ಲಿಂದ ಮುಂದೆ ಹೋಗಬಾರದೆಂದು ಕಟ್ಟಿದ್ದ ಕೆಂಪು ಡ್ರಮ್ಮುಗಳ ಸಾಲು ನೂರು ಮಾರು ದೂರದಲ್ಲಿತ್ತು. ದಡದವರಿಗೆ ಫೋನು ಮಾಡಿದ. ಇನ್ನೊಂದು ಬೋಟು ಬರಲು ಅರ್ಧ ಗಂಟೆ ಎಂದರು.

ಆಗ ಒಂದು ಕೂಸು ಅತ್ತಿತು. ಯತ್ತಪ್ಪ ಹಿಂತಿರುಗಿ ನೋಡಿದ, ಹತ್ತಿಸಿದ ಮೇಲೆ ಮೊದಲ ಸಲ ಸರಿಯಾಗಿ ನೋಡಿದ. ಮಡಿಲಲ್ಲಿ ಎರಡು. ಕಾಲ ಸಂದಿಯಲ್ಲಿ ಎರಡು. ಡಬರಿ ತಬ್ಬಿಕೊಂಡು ಒಂದು. ಹನ್ನೆರಡು. ಐದಕ್ಕೂ ಜಾಕೆಟ್ಟಿಲ್ಲ.

ರೊಪ್ಪದ ಬಾಯಲ್ಲಿ ಕೋಲು ಹಿಡಿದು ನಿಂತಾಗ ಮರಿ ಎಣಿಸುವ ಪದ್ಧತಿ ಅವರ ಹಟ್ಟಿಯಲ್ಲಿಲ್ಲ. ತಾಯಿ ಬಂದರೆ ಮರಿ ಬಂದ ಹಾಗೆ. ಹುಲ್ಲು ಕಚ್ಚಿ ತಾಯಿಯನ್ನು ಬಿಟ್ಟ ಮೇಲಷ್ಟೇ ಅದೊಂದು ತಲೆ. ಮೂವತ್ತು ವರ್ಷ ಹಾಗೇ ಎಣಿಸಿದ್ದ ಬಾಯಿ ಬೋಟಿನ ಹಲಗೆಯ ಮೇಲೂ ಹಾಗೇ ಎಣಿಸಿತ್ತು. ನೇತ್ರಾವತಿ ಎರಡು ಸಲ ಕೇಳಿದಾಗಲೂ ಹಾಗೇ ಹೇಳಿತ್ತು.

ಅಳುತ್ತಾ ಕೂರಲು ಪುರಸೊತ್ತಿರಲಿಲ್ಲ. "ದೊಡ್ಡೋರು ನಿಮ್ಮ ಜಾಕೆಟ್ಟು ಬಿಚ್ಚಿ ಮಕ್ಕಳಿಗೆ ಕಟ್ರಿ" ಎಂದ. ಜಂಬಣ್ಣನ ತಮ್ಮನೊಬ್ಬ ಗೊಣಗಿದ, "ನಮಗೆ ಈಜು ಬರಲ್ಲ." ಕಾವ್ಯಶ್ರೀ ಆಗಲೇ ತನ್ನದನ್ನು ಬಿಚ್ಚಿ ಕೂಸಿನ ಸುತ್ತ ಬಿಗಿಯುತ್ತಿದ್ದಳು. "ಅವುಕ್ಕೆ ಬರ್ತದಾ?" ಎಂದಳು ತಲೆ ಎತ್ತದೆ. ಐದು ಜಾಕೆಟ್ಟು ಬಿಚ್ಚಿಕೊಂಡವು.

ಯತ್ತಪ್ಪ ಲಂಗರು ಎತ್ತಿ ಎಸೆದ. ಹಗ್ಗ ಸರಸರ ಇಳಿದು ಸಡಿಲಾಯಿತು. ತಳದಲ್ಲಿ ಬರೀ ಹೂಳು, ಲಂಗರು ಎಲ್ಲೂ ಕಚ್ಚದೆ ಎಳೆದುಕೊಂಡೇ ಬರುತ್ತಿತ್ತು. ಡ್ರಮ್ಮು ಐವತ್ತು ಮಾರಿಗೆ ಬಂತು. ಅವನು ದಡ ನೋಡಿದ. ಎರಡು ಗುಡ್ಡ ಕೂಡುವ ಕತ್ತರಿಯಲ್ಲಿ ಮೂರನೇ ಗಾಳಿಕಂಬ ಕಾಣಬೇಕು, ಎಡಕ್ಕೆ ಬಿಳೀ ಬಂಡೆ ಕಾಣಬೇಕು. ಎರಡೂ ಒಟ್ಟಿಗೆ ಕಂಡರೆ ಕೆಳಗೆ ರೊಪ್ಪ. ದಿನಾ ಬೋಟು ಓಡಿಸುವಾಗ ಆ ಜಾಗದ ಹತ್ತಿರ ಬಂದರೆ ಅವನು ಕಣ್ಣು ಬೇರೆ ಕಡೆ ತಿರುಗಿಸುತ್ತಿದ್ದ. ಇವತ್ತು ಹುಟ್ಟು ಹಾಕಿ, ಬೋಟಿನ ಮೂತಿಯನ್ನು ಗೇಣು ಗೇಣಾಗಿ ಎಡಕ್ಕೆ ದೂಡಿದ. ಜಂಬಣ್ಣ ಚಿತ್ರಾನ್ನದ ತಟ್ಟೆಯಲ್ಲೇ ಬೋಟಿನೊಳಗಿನ ನೀರು ಮೊಗೆದು ಹೊರಗೆ ಚೆಲ್ಲತೊಡಗಿದ.

ಡ್ರಮ್ಮುಗಳ ಸಾಲು ಬಂತು. ಬೋಟು ಅದನ್ನು ಉಜ್ಜಿಕೊಂಡು ದಾಟಿತು. ಹೆಂಗಸೊಬ್ಬಳು ರಾಮೇಶ್ವರನ ಹೆಸರು ಹಿಡಿದು ಕೂಗತೊಡಗಿದಳು.

ಹಗ್ಗ ಟಪ್ಪನೆ ಬಿಗಿಯಿತು. ಬೋಟು ಗಕ್ಕನೆ ತಡೆದು ಗಾಳಿಗೆ ಮುಖ ತಿರುಗಿಸಿ ನಿಂತಿತು. ಆರು ಮಾರು ಆಳದಲ್ಲಿ ಅಪ್ಪ ಪೇರಿಸಿದ ಗೋಡೆ ಲಂಗರನ್ನು ಹಿಡಿದಿತ್ತು. ಮಣ್ಣಿಲ್ಲದೆ ಗಾರೆಯಿಲ್ಲದೆ ಕಟ್ಟಿದ ಗೋಡೆ. ಎಷ್ಟು ಹೊತ್ತು ತಡೆದೀತು ಎಂದು ಹೇಳುವವರಿಲ್ಲ.

"ಎಲ್ಲಾ ಮುಂದಕ್ಕೆ ಹೋಗಿ ಕುಂತ್ಕಳ್ರಿ. ಒಬ್ಬರೂ ಏಳಬ್ಯಾಡ್ರಿ. ಜಂಬಣ್ಣೋರೆ, ನೀವು ಬಂದು ನನ್ನ ಕಾಲು ಹಿಡ್ಕಳ್ರಿ."

ಎಂಜಿನ್ನಿನ ಕಾಲನ್ನು ನೀರಿನಿಂದ ಮೇಲೆತ್ತಿದ. ಸೀಟಿನ ಕೆಳಗಿಂದ ಹಳೇ ಸೊಟ್ಟ ಫ್ಯಾನು ಎಳೆದು ಪಕ್ಕಕ್ಕಿಟ್ಟು, ಹೊಟ್ಟೆ ಅಂಚಿನ ಮೇಲೆ ಹಾಕಿ ನೀರಿನ ಮೇಲೆ ಜೋತುಬಿದ್ದ. ಪ್ರತಿ ಅಲೆಗೂ ಮುಖ ಮುಳುಗುತ್ತಿತ್ತು. ನಟ್ಟು ಕಳಚದ ಹಾಗೆ ತೂರಿಸಿದ್ದ ಪಿನ್ನಿನ ಕಾಲು ನೆಟ್ಟಗೆ ಮಾಡಿ ಎಳೆದ. ಅದು ಅರ್ಧಕ್ಕೆ ಮುರಿಯಿತು. ಉಳಿದರ್ಧವನ್ನು ಇಕ್ಕಳದಲ್ಲಿ ಕಿತ್ತ. ನಟ್ಟು ಬಿಚ್ಚಿ ಬಾಯಲ್ಲಿಟ್ಟುಕೊಂಡ. ವಾಷರು ಅದರ ಪಕ್ಕಕ್ಕೆ. ಇವೆರಡರಲ್ಲಿ ಒಂದು ನೀರಿಗೆ ಬಿದ್ದರೂ ಅಲ್ಲಿಗೆ ಮುಗಿಯಿತು. ಹೊಳೆಯುವ ಹದಿಮೂರರ ಫ್ಯಾನನ್ನು ಎಳೆದು ಬೋಟಿನೊಳಕ್ಕೆ ಎಸೆದ. ಹತ್ತರದನ್ನು ಎಂಜಿನ್ನಿನ ತಿರುಗುವ ದಂಡಿಗೆ ಏರಿಸಿದ. ಹಲ್ಲು ಕೂರಲಿಲ್ಲ. ತಿರುಗಿಸಿದ, ಕೂರಲಿಲ್ಲ. ಕೆಳಗೆ ಹಗ್ಗ ಗುರ್ ಎಂದಿತು, ಬೋಟು ಒಂದು ಮೊಳ ಹಿಂದಕ್ಕೆ ಜಾರಿತು.

"ಕಲ್ಲು ಕಿತ್ತು ಬರ್ತೈತೇನೋ" ಎಂದ ಜಂಬಣ್ಣ, ಕಾಲು ಹಿಡಿದುಕೊಂಡೇ.

ಬಾಯಲ್ಲಿ ನಟ್ಟಿದ್ದವನು ಏನು ಹೇಳಿಯಾನು. ಅಂಗೈಯಲ್ಲಿ ಒಂದು ಗುದ್ದು ಗುದ್ದಿದ. ಫ್ಯಾನು ಕೂತಿತು. ವಾಷರು ಹಾಕಿ, ನಟ್ಟು ಬಿಗಿದು, ಪಿನ್ನಿಗೆ ಕೈ ಚಾಚಿದ. ಪಿನ್ನೆಲ್ಲಿದೆ, ಮುರಿದಿತ್ತು. ಪಿನ್ನಿಲ್ಲದ ನಟ್ಟು ನಡುವೆ ಕಳಚಿದರೆ ಫ್ಯಾನೇ ನೀರುಪಾಲು.

"ತಂಗಿ, ಸೆರಗಿನ ಪಿನ್ನು ಕೊಡವ್ವ. ದಪ್ಪಂದು."

ಕಾವ್ಯಶ್ರೀ ಭುಜಕ್ಕೆ ಚುಚ್ಚಿದ್ದ ಪಿನ್ನು ಕಿತ್ತುಕೊಟ್ಟಳು. ಅದನ್ನು ತೂತಿಗೆ ತೂರಿಸಿ ಎರಡೂ ಕಡೆ ಮಡಿಸಿದ. ಎಂಜಿನ್ನಿನ ಕಾಲು ನೀರಿಗಿಳಿಸಿ ಚಾಲೂ ಮಾಡಿದ. ಸೊಟ್ಟ ರೆಕ್ಕೆಯಿಂದ ಬೋಟು ಮಲೇರಿಯಾ ಬಂದವನ ಹಾಗೆ ನಡುಗಿತು, ಆದರೆ ತಳ್ಳಿತು. ರೈಸು ಅರ್ಧಕ್ಕಿಂತ ಮೇಲೆ ಕೊಡಲಿಲ್ಲ. ಲಂಗರು ಗೋಡೆಯಿಂದ ಬಿಡಲೊಲ್ಲದು. ಸೀಟಿನ ಕೆಳಗಿದ್ದ ಕುಡುಗೋಲು ತೆಗೆದು ಹಗ್ಗ ಕತ್ತರಿಸಿದ. ಎಮ್ಮೆ ಮೇಲೆ ಕೂತ ಹಾಗೆ, ಕೆಂಪು ಡ್ರಮ್ಮುಗಳನ್ನು ಹಿಂದೆ ಹಾಕಿ, ಮುಕ್ಕಾಲು ಗಂಟೆಗೆ ದಡ ಮುಟ್ಟಿದರು. ಅರ್ಧ ಗಂಟೆಗೆ ಬರುತ್ತೇವೆಂದ ಬೋಟು ದಾರಿಯಲ್ಲಿ ಎದುರಾಯಿತು.

ದಡದಲ್ಲಿ ಗಿರೀಶ್ ಕಾಯುತ್ತಿದ್ದ. ಫೋನು ಹೋಗಿ ನೇತ್ರಾವತಿಯೂ ಸ್ಕೂಟಿಯಲ್ಲಿ ಬಂದಿದ್ದಳು. ಜಂಬಣ್ಣ ಇಳಿದವನೇ ಪೊಲೀಸು ಕಂಪ್ಲೇಂಟು ಎಂದು ಗುಡುಗಿದ. ಗಿರೀಶ್ ಯತ್ತಪ್ಪನನ್ನು ಪಕ್ಕಕ್ಕೆಳೆದು ಕಿವಿಯಲ್ಲಿ ಹೇಳಿದ: "ನೀನು ಬಾಯಿ ಬಿಡಬ್ಯಾಡ. ಆ ಯಮ್ಮ ಹಾಕಿದ ಫ್ಯಾನು, ಅವಳು ಸರಿಯಾಗಿ ಹಾಕಿಲ್ಲ ಅಂತ ನಾನು ಹೇಳ್ತೀನಿ. ನಿನ್ನ ಕೆಲಸ ಉಳೀತದೆ." ಆಮೇಲೆ ಎಲ್ಲರ ಮುಂದೆ ಜೋರಾಗಿ, "ಬೋರ್‌ವೆಲ್ ರಿಪೇರಿಯೋರ ಕೈಗೆ ಬೋಟು ಕೊಟ್ಟಿದ್ದೇ ತಪ್ಪಾಯ್ತು" ಎಂದ.

ನೇತ್ರಾವತಿಯ ಮುಖ ಕಪ್ಪಿಟ್ಟಿತು. ಅವಳು ಯತ್ತಪ್ಪನನ್ನೇ ಕೇಳಿದಳು, "ಎಷ್ಟು ತಲೆ ಯತ್ತಪ್ಪಣ್ಣ?"

ಸುಮ್ಮನಿದ್ದರೆ ಸ್ಟೀರಿಂಗು ಉಳಿಯುತ್ತಿತ್ತು. ಮಾರಲು ಕುರಿಯಿಲ್ಲ, ಮೇಯಿಸಲು ನೆಲವಿಲ್ಲ, ಬೇರೆ ಕಸುಬು ಬಾರದು. ಯತ್ತಪ್ಪ ಒದ್ದೆ ಬನಿಯನ್ನು ಹಿಂಡಿ ಹೆಗಲಿಗೆ ಹಾಕಿಕೊಂಡ.

"ಹನ್ನೆರಡು" ಎಂದ. "ಮಡಿಲಲ್ಲಿದ್ದವನ್ನ ನಾನು ಎಣಿಸ್ಲಿಲ್ಲ. ನಮ್ಮಲ್ಲಿ ಎಣಿಸಲ್ಲ. ನಿಂಗೆ ಹೇಳಿದ ಏಳೂ ಹಂಗೇ ಹೇಳಿದ್ದು. ಫ್ಯಾನು ಹಾಕಿದೋಳ ತಪ್ಪಲ್ಲ, ಎಣಿಸಿದೋನ ತಪ್ಪು." ಗಿರೀಶ್ ಕಣ್ಣು ಬಿಟ್ಟ. ಯತ್ತಪ್ಪ ನಿಲ್ಲಿಸಲಿಲ್ಲ. "ಭಾರದ ಬೋಟಿಗೆ ಓಟದ ಫ್ಯಾನು ತಂದಿದ್ದು, ಮಕ್ಕಳಿಗೆ ಒಂದು ಜಾಕೆಟ್ಟೂ ಇಡದೇ ಇದ್ದಿದ್ದು ನಿನ್ನ ತಪ್ಪು ಗಿರೀಶಣ್ಣ. ನಂದು ನಾನು ಹೊತ್ಕಂತೀನಿ, ನಿಂದು ನೀನು ಹೊತ್ಕ."

ಅವತ್ತು ಸಂಜೆಯೇ ಗಿರೀಶ್ ಬೋಟಿನ ಬೀಗದ ಕೈ ಕಿತ್ತುಕೊಂಡ. ಹತ್ತು ದಿನದಲ್ಲಿ ಕಡಲ ಕಡೆಯಿಂದ ಸೀಲು ಹೊಡೆದ ಕಾಗದದವನು ಬಂದ. ಜಂಬಣ್ಣನ ದೂರಿನ ಮೇಲೆ ಜಾಕೆಟ್ಟು ಬಂದವು, ಚಿಕ್ಕವೂ ಬಂದವು. ಹನ್ನೊಂದರ ಫ್ಯಾನು ಬಂದಾಗ ಅದನ್ನು ಹಾಕಲು ಹಿರಿಯೂರಿನಲ್ಲಿ ನೇತ್ರಾವತಿ ಬಿಟ್ಟರೆ ಬೇರೆಯವರಿಲ್ಲ. ಅವಳು ಸ್ಪ್ಯಾನರು ಕೈಯಲ್ಲಿ ಹಿಡಿದು ಗಿರೀಶನಿಗೆ ಹೇಳಿದಳು: "ಹಲಗೆ ಹತ್ರ ಎಣಿಸಾಕೆ ಯತ್ತಪ್ಪಣ್ಣನ್ನ ನಿಲ್ಲಿಸ್ರಿ. ಆಮೇಲೆ ನಟ್ಟು ಬಿಗೀತೀನಿ."

"ತಪ್ಪು ಎಣಿಸಿದೋನನ್ನಾ?"

"ಹೂಂ. ಅವನನ್ನೇ."

ಈಗ ಯತ್ತಪ್ಪ ಬೋಟು ಓಡಿಸುವುದಿಲ್ಲ. ಸಂಬಳ ಅರ್ಧ. ದಡದ ಹಲಗೆಗೆ ತನ್ನ ಹಳೇ ಕುರಿಕೋಲನ್ನು ಅಡ್ಡ ಹಿಡಿದು ನಿಂತಿರುತ್ತಾನೆ. ಒಬ್ಬರು ಬಂದರೆ ಕೋಲು ಎತ್ತುತ್ತಾನೆ, ಇಳಿಸುತ್ತಾನೆ. ಮೊನ್ನೆ ಹೊಸದುರ್ಗದ ಕಡೆಯ ಹೆಂಗಸೊಬ್ಬಳು ಕೂಸು ಎತ್ತಿಕೊಂಡು ಬಂದಳು.

"ಆರು, ಏಳು" ಎಂದ ಯತ್ತಪ್ಪ. ಅವಳ ಗಂಡ ಹಿಂದೆಯೇ ಕಾಲಿಟ್ಟ. ಕೋಲು ಅಡ್ಡ ಬಂತು.

"ಏಳು ಆಯ್ತು. ನೀನು ಮುಂದಿನ ಸಲಕ್ಕೆ."

"ಯಾವ ಲೆಕ್ಕ ಇದು? ಮೂರು ತಿಂಗಳ ಕೂಸಣ್ಣ, ಮಡಿಲಲ್ಲಿರ್ತದೆ."

"ಹಾಂ, ಕಂಡೆ" ಎಂದ ಯತ್ತಪ್ಪ. ಕೋಲು ಎತ್ತಲಿಲ್ಲ.